ಮುಂದೆ ಹೋಗಿ ‘ಕೂ’ ಅನ್ನುವ ಭಾಗಮ್ಮ

ಭಾಗಮ್ಮ ಕೈ ಎತ್ತುತ್ತಾರೆ. ಹಿಂದೆ ಬರುತ್ತಿದ್ದ ನಾವೆಲ್ಲ ಇದ್ದಲ್ಲೇ ನಿಲ್ಲುತ್ತೇವೆ. ಬಾಳೂರು ಕಡೆಯ ಈ ಕಾಫಿ ತೋಟದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮಂಜು ಎಷ್ಟು ದಟ್ಟವಾಗಿದೆಯೆಂದರೆ ಎದುರಿಗೆ ಕಾಣುವುದು ಸಿಲ್ವರ್ ಮರವೋ ಇನ್ನೇನೋ ಗೊತ್ತಾಗುವುದಿಲ್ಲ. ರಾತ್ರಿಯ ಮಳೆ ಎಲೆಯಿಂದ ಎಲೆಗೆ ತೊಟ್ಟಿಕ್ಕುತ್ತಿದೆ, ಒಂದೊಂದು ಹನಿಯೂ ಯಾರೋ ಹೆಜ್ಜೆ ಇಟ್ಟಂತೆ ಕೇಳುತ್ತದೆ. ಭಾಗಮ್ಮ ಮುಖ ಮೇಲೆತ್ತಿ ಗಾಳಿ ಮೂಸುತ್ತಾರೆ. ಒಡೆದ ಹಲಸಿನ ವಾಸನೆ ಬಂದರೆ ಹತ್ತಿರದಲ್ಲೇ ಆನೆ ಇದೆ ಎಂದರ್ಥ, ಮುಂದೆ ಹೋಗುವ ಮಾತೇ ಇಲ್ಲ.

‘ಇಲ್ಲೇ ಇರಿ. ನಾ ಕೂ ಹಾಕೋವರ್ಗೂ ಒಂದ್ ಹೆಜ್ಜೆ ಮುಂದೆ ಬರ್ಬೇಡಿ’ ಎಂದು ಪಿಸುಗುಟ್ಟಿ ಅವರು ತಿರುವಿನಾಚೆ ಹೋಗುತ್ತಾರೆ.

ಕಾಲೇಜು ಬ್ಯಾಗು ಹೊತ್ತ ಹುಡುಗಿಯರು ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿದ್ದಾರೆ. ಅರೆಗಳಿಗೆಯ ನಂತರ ಆಚೆಯಿಂದ ಸಣ್ಣಗೆ, ಉದ್ದಕ್ಕೆ ಕೇಳಿಸುತ್ತದೆ, ‘ಕೂ...’ ಹೋದ ಜೀವ ಬಂದಂತಾಗಿ ನಾವು ಹೆಜ್ಜೆ ಕೀಳುತ್ತೇವೆ. ಹೀಗೆ ತಿರುವು ತಿರುವಿಗೂ ನಿಂತು, ಕೇಳಿ, ಇಳಿದು, ಡಾಂಬರು ರಸ್ತೆಯಲ್ಲಿ ಮೂಡಿಗೆರೆಯ ಮೊದಲ ಬಸ್ಸು ಹಿಡಿಯಬೇಕು. ಆ ಬಸ್ಸು ತಪ್ಪಿದರೆ ಆ ದಿನದ ಕ್ಲಾಸು ತಪ್ಪಿದಂತೆಯೇ.

ಭಾಗಮ್ಮ ತೋಟದ ಕೂಲಿ ಹೆಂಗಸು. ಹಗಲು ಕಳೆ ತೆಗೆಯುವುದು, ಕಾಲ ಬಂದರೆ ಹಣ್ಣು ಕೊಯ್ಯುವುದು. ಬೆಳಗಿನ ಈ ಕೆಲಸಕ್ಕೆ ಅವರಿಗೆ ಸಂಭಾವನೆ ಕೊಡುವುದು ಊರಿನವರೇ ಕಟ್ಟಿಕೊಂಡ ವಿದ್ಯಾನಿಧಿ. ಪೇಟೆಯ ಅಂಗಡಿಯವರು, ಕೆಲವು ಬೆಳೆಗಾರರು, ಸಾಲಾಗಿ ಕಟ್ಟಿದ ಲೈನ್ ಮನೆಗಳ ಕೂಲಿಕಾರರು ಕೈಲಾದಷ್ಟು ಹಾಕಿ ಬಡಮಕ್ಕಳನ್ನು ಕಾಲೇಜಿಗೆ, ಐಟಿಐಗೆ ಕಳಿಸುವ ನಿಧಿ ಅದು. ಅದರ ವ್ಯವಹಾರ ನೋಡಿಕೊಳ್ಳುವವರು ಮೂಡಿಗೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಪ್ರೇಮಕುಮಾರಿ. ಫೀಸು ಕಟ್ಟಿದ ಮೇಲೂ ಹುಡುಗಿಯರು ಅರ್ಧಕ್ಕೇ ಕಾಲೇಜು ಬಿಡುತ್ತಿದ್ದುದು ಅವರ ತಲೆ ಕೆಡಿಸಿತ್ತು.

‘ಓದೋ ಮನಸ್ಸಿಲ್ಲ ಅಂದ್ಕೊಂಡಿದ್ವಿ. ವಿಚಾರಿಸೋಣ ಅಂತ ಲೈನಿಗೆ ಹೋದ್ರೆ ಒಬ್ಳು ತಾಯಿ ಕೇಳಿದ್ಳು, ಅಕ್ಕಾ, ನೀವು ಕಾಲೇಜಿಗೆ ಕಟ್ತೀರಿ, ದಾರಿಗೆ ಏನು ಮಾಡ್ತೀರಿ ಅಂತ.’ ಎನ್ನುತ್ತಾರೆ ಪ್ರೇಮಕುಮಾರಿ. ದಾರಿಯಲ್ಲಿ ಜೊತೆಗೆ ನಡೆಯುವುದೂ ವಿದ್ಯಾರ್ಥಿವೇತನವೇ ಎಂದು ನಿಧಿಯ ಸಮಿತಿಯನ್ನು ಒಪ್ಪಿಸಲು ಅವರು ಸಾಕಷ್ಟು ಜಗಳವಾಡಬೇಕಾಯಿತು. ಕಾಲೇಜಿನ ರಸೀದಿ ಇರುತ್ತದೆ, ನಡೆದದ್ದಕ್ಕೆ ರಸೀದಿ ಎಲ್ಲಿ ಎಂದು ಕೇಳಿದ ಮಹನೀಯರೂ ಇದ್ದರಂತೆ! ಅವರನ್ನು ಒಂದು ದಿನ ಈ ದಾರಿಯಲ್ಲಿ ನಡೆಸಬೇಕಿತ್ತು ಎಂದು ನನಗೆ ಈಗ ಅನ್ನಿಸುತ್ತಿದೆ.

ಈ ಕೆಲಸಕ್ಕೆ ಧೈರ್ಯವಂತೆಯೊಬ್ಬಳು ಸಿಕ್ಕಳು ಎಂದು ಬರೆಯುವ ಆಸೆ ನನಗಿತ್ತು. ಭಾಗಮ್ಮ ಅದಕ್ಕೆ ಅವಕಾಶ ಕೊಡಲಿಲ್ಲ. ‘ಧೈರ್ಯನಾ? ಅಯ್ಯೋ ಮಾರಾಯ್ರೆ, ನಂಗೆ ದಿನಾ ಹೆದರಿಕೇನೇ. ನನ್ ಮಗಳನ್ನ ಹತ್ತನೇ ಕ್ಲಾಸಾದ್ಮೇಲೆ ನಾನೇ ಬಿಡಿಸ್ದೆ, ಇದೇ ಹೆದರಿಕೆಗೆ. ಅವಳು ಓದ್ತೀನಿ ಓದ್ತೀನಿ ಅಂತ ಅತ್ತಳು. ಈಗ ನನ್ ಪಕ್ಕದ ಸಾಲಲ್ಲೇ ಹಣ್ಣು ಕೊಯ್ತಾಳೆ. ಅವಳ ಮುಖ ನೋಡಿದಾಗೆಲ್ಲ ಸಂಕಟ ಆಗುತ್ತೆ.’

ಮಾತಾಡುತ್ತಲೇ ಅವರು ಮೇಲಿನ ಲೈನಿನ ದಾರಿ ಕೂಡುವಲ್ಲಿ ನಿಲ್ಲುತ್ತಾರೆ. ಅಲ್ಲಿಂದ ಬರಬೇಕಾದವಳು ಶಿಲ್ಪಾ. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕಲಿಯುತ್ತಿರುವ ಹುಡುಗಿ. ಇವತ್ತು ಅವಳಿಗೆ ಕೊನೆಯ ಪ್ರಾಕ್ಟಿಕಲ್ ಪರೀಕ್ಷೆ. ಇಂದು ಹೋಗದಿದ್ದರೆ ಓದಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗೆ. ಆದರೆ ಕೆಲವು ವಾರಗಳಿಂದ ಅವಳ ತಾಯಿ ಸುಕನ್ಯಾ ಮಗಳನ್ನು ಕಳಿಸುತ್ತಿಲ್ಲ. ಕಾರಣ ಒಂದು ಮಾತು.

ಈ ತೋಟದಲ್ಲಿ ‘ದೊಡ್ಡೋರು’ ಅಂದರೆ ಇಬ್ಬರು. ಒಬ್ಬರು ತೋಟದ ಸಾಹುಕಾರರು. ಇನ್ನೊಬ್ಬರು ಆನೆ. ಬೆಳಕು ಹರಿಯುವ ಮುನ್ನ ಆನೆಯ ಹೆಸರೆತ್ತಿದರೆ ಕರೆದಂತಾಗುತ್ತದೆ ಎಂಬ ಭಯಕ್ಕೆ ಜನ ಬಹುವಚನ ಕೊಟ್ಟು ದೂರ ಇಡುತ್ತಾರೆ. ಇಬ್ಬರೂ ಹೇಳಿ ಕೇಳಿ ಬರುವವರಲ್ಲ, ಯಾರು ಬಂದರೂ ನಾವೇ ಬದಿಗೆ ಸರಿಯಬೇಕಲ್ಲ ಎಂದು ನಾನು ತಮಾಷೆ ಮಾಡಿದರೆ ಭಾಗಮ್ಮ ನಗುವುದಿಲ್ಲ.

ಅವತ್ತೂ ಹೀಗೇ ಮಂಜು. ಹುಡುಗಿಯರನ್ನು ತಿರುವಿನಲ್ಲಿ ನಿಲ್ಲಿಸಿ ಭಾಗಮ್ಮ ಮುಂದೆ ಹೊರಟಿದ್ದರು. ಆಚೆ ದಿಬ್ಬದಿಂದ ಮೇಸ್ತ್ರಿ ಕೆಂಪಯ್ಯ ಕೂಗಿದರು, ‘ಭಾಗಮ್ಮಾ, ದೊಡ್ಡೋರು ಬಂದಿದ್ದಾರೆ! ಪಲ್ಪರ್ ಮನೆ ಹತ್ರ ನಿಂತಿದ್ದಾರೆ!’ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಆ ಶೆಡ್ಡು ದಾರಿಯ ಪಕ್ಕದಲ್ಲೇ ಇದೆ. ಸಾಹುಕಾರರು ಆ ವಾರ ಬರುವವರಿದ್ದರು. ಕೆಂಪಯ್ಯನ ಮಾತು ಕೇಳಿತೇ ಹೊರತು ಅದರೊಳಗಿನ ನಡುಕ ಮಂಜಿನಲ್ಲಿ ಕೇಳಲಿಲ್ಲ.

‘ನಾನು ಸೆರಗು ಸರಿ ಮಾಡ್ಕೊಂಡೆ’ ಎನ್ನುತ್ತಾರೆ ಭಾಗಮ್ಮ. ‘ಸಾಹುಕಾರ್ರು ನಿಂತಿದ್ದಾರೆ, ಇನ್ನೇನು ಹೆದರಿಕೆ ಅಂತ ನಿಂತಲ್ಲಿಂದ್ಲೇ ಕೂ ಹಾಕ್ಬಿಟ್ಟೆ. ನೋಡ್ದೆ ಹಾಕಿದ್ ಕೂ ಅದು. ಹುಡುಗೀರು ಬಂದ್ರು. ನಮಸ್ಕಾರ ಹೇಳಿ ಅಂತ್ಲೂ ಅಂದೆ ಅವರಿಗೆ. ಶೆಡ್ಡಿನ ಗೋಡೆ ಅಂದ್ಕೊಂಡಿದ್ದು ಕಿವಿ ಬೀಸ್ತು.’

ಉಳಿದದ್ದನ್ನು ಹೇಳಿದವರು ಹುಡುಗಿಯರು. ಎಲ್ಲರೂ ದಿಕ್ಕಾಪಾಲಾಗಿ ಓಡಿದರು. ಶಿಲ್ಪಾ ಕಾಫಿ ಗಿಡದ ಬುಡದಲ್ಲಿ ಎಡವಿ ಬಿದ್ದಳು. ಭಾಗಮ್ಮ ಅವಳ ಮೇಲೆ ಅಡ್ಡ ಬಿದ್ದು ಬಾಯಿ ಮುಚ್ಚಿ ಹಿಡಿದರು. ಆನೆ ಪಕ್ಕದಲ್ಲೇ ಬಂದು, ನಿಂತು, ಹೋಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಮಾರನೆಯ ದಿನದಿಂದ ಬೆಳಗಿನ ‘ಕೂ’ಗೆ ಸುಕನ್ಯಾ ಮನೆಯ ಬಾಗಿಲು ತೆರೆಯಲಿಲ್ಲ.

‘ನಿನ್ನೆ ಸಂಜೆ ಹೋಗಿ ಕೇಳ್ದೆ’ ಎನ್ನುತ್ತಾರೆ ಭಾಗಮ್ಮ. ‘ನಿನ್ನ ಕೂ ನಂಬಿ ಕಳಿಸ್ತಿದ್ದೆ ಭಾಗಕ್ಕ, ಈಗ ಏನು ನಂಬ್ಲಿ ಅಂದ್ಳು. ಅವಳು ಹೇಳಿದ್ದು ಸುಳ್ಳಲ್ಲ.’

ಅವರು ಮೇಲಿನ ಲೈನಿನತ್ತ ತಿರುಗಿ ‘ಕೂ...’ ಎನ್ನುತ್ತಾರೆ. ಮತ್ತೊಮ್ಮೆ ಕೂಗುತ್ತಾರೆ. ಹನಿ ತೊಟ್ಟಿಕ್ಕುವ ಸದ್ದು ಮಾತ್ರ. ಹುಡುಗಿಯೊಬ್ಬಳು ಮೊಬೈಲು ನೋಡಿ, ‘ಅತ್ತೇ, ಬಸ್ಸು ಹೋಗುತ್ತೆ’ ಎಂದು ಅಳುಮೋರೆ ಮಾಡುತ್ತಾಳೆ. ಇವರನ್ನು ನಿಲ್ಲಿಸಿಕೊಂಡರೆ ಇವರೆಲ್ಲರ ಕ್ಲಾಸು ಹೋಗುತ್ತದೆ, ಹೊರಟರೆ ಶಿಲ್ಪಾಳ ಪರೀಕ್ಷೆ ಹೋಗುತ್ತದೆ. ಭಾಗಮ್ಮ ಒಮ್ಮೆ ಕೆಳಗೆ, ಒಮ್ಮೆ ಮೇಲೆ ನೋಡುತ್ತಾರೆ.

ಅಷ್ಟರಲ್ಲಿ ಮೇಲೆ ಗಿಡ ಅಲ್ಲಾಡುತ್ತದೆ. ಒಬ್ಬಳು ಹುಡುಗಿ ನನ್ನ ತೋಳು ಗಟ್ಟಿಯಾಗಿ ಹಿಡಿಯುತ್ತಾಳೆ. ಇಳಿದು ಬಂದವಳು ಶಿಲ್ಪಾ, ಎದೆಗೆ ಬ್ಯಾಗು ಅವುಚಿಕೊಂಡು. ಹಿಂದೆಯೇ ತಲೆಗೆ ಟವೆಲ್ ಕಟ್ಟಿಕೊಂಡ ಸುಕನ್ಯಾ. ರಾತ್ರಿಯೆಲ್ಲ ಅತ್ತ ಕಣ್ಣು ಇಬ್ಬರದೂ.

‘ನಾನೂ ಬರ್ತೀನಿ’ ಎನ್ನುತ್ತಾರೆ ಸುಕನ್ಯಾ. ‘ಏನಾದ್ರೂ ಆಗೋದಿದ್ರೆ ನನ್ ಕಣ್ಮುಂದೆ ಆಗ್ಲಿ.’

ಭಾಗಮ್ಮ ತಲೆ ಆಡಿಸಿ ಮುಂದೆ ಹೋಗುತ್ತಾರೆ. ಪಲ್ಪರ್ ಮನೆಯ ತಿರುವಿನಲ್ಲಿ ಅವರು ತೆಗೆದುಕೊಳ್ಳುವ ಹೊತ್ತು ನಮಗೆ ಮುಗಿಯುವುದೇ ಇಲ್ಲ. ಶೆಡ್ಡಿನ ಸುತ್ತ ಒಂದು ಸುತ್ತು ಬಂದು, ಗೋಡೆಯನ್ನು ಕೈಯಿಂದ ಮುಟ್ಟಿ ನೋಡುತ್ತಾರಂತೆ ಈಗ. ‘ಕೂ’ ಕೇಳಿದ ಮೇಲೂ ಸುಕನ್ಯಾ ಮಗಳ ಕೈ ಬಿಡುವುದಿಲ್ಲ. ಕೊನೆಗೆ ಡಾಂಬರು ರಸ್ತೆ ಸಿಗುತ್ತದೆ. ಹೆಡ್‌ಲೈಟು ಹಾಕಿಕೊಂಡು ಬಸ್ಸು ಬರುತ್ತದೆ. ಶಿಲ್ಪಾ ಕಿಟಕಿಯಿಂದ ಕೈ ಬೀಸುತ್ತಾಳೆ, ಸುಕನ್ಯಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೋಡುತ್ತಾರೆ.

ನಿಮಗೇನು ಆಗಬೇಕು ಎಂದು ಭಾಗಮ್ಮನನ್ನು ಕೇಳುತ್ತೇನೆ. ಸೋಲಾರ್ ಬೇಲಿ, ಜೀಪು, ಸನ್ಮಾನ, ಏನಾದರೂ ಹೇಳಲಿ ಎಂದು ಕಾಯುತ್ತೇನೆ. ಅವರು ಬಂದ ದಾರಿಯತ್ತ ನೋಡುತ್ತಾರೆ.

‘ಹೋಗುವಾಗ ಹುಡುಗೀರಿರ್ತಾರೆ, ಹೆಂಗೋ ಹೋಗ್ತೀನಿ. ತೋಟದ ಹಾಜರಿ ಹೊತ್ತಿಗೆ ವಾಪಸ್ ಹತ್ಬೇಕಲ್ಲ, ಆಗ ಒಬ್ಳೇ. ತಿರುವಲ್ಲಿ ನಿಂತ್ಬಿಡ್ತೀನಿ. ಯಾರಾದ್ರೂ ಮುಂದೆ ಹೋಗಿ ಒಂದ್ ಕೂ ಅಂದಿದ್ರೆ ಅನ್ಸುತ್ತೆ.’

ಹುಡುಗಿಯರು ಬಸ್ಸು ಹತ್ತಿದ ಮೇಲೆ ಇವರು ಹೇಗೆ ವಾಪಸ್ಸಾಗುತ್ತಾರೆ ಎಂದು ಸಮಿತಿಯವರು ಯೋಚಿಸಿರಲಿಲ್ಲ. ಹುಡುಗಿಯರೂ ಯೋಚಿಸಿರಲಿಲ್ಲ. ನಾನೂ ಇಲ್ಲ. ಸುಕನ್ಯಾ ಮಾತ್ರ ಭಾಗಮ್ಮನನ್ನೇ ದಿಟ್ಟಿಸುತ್ತಿದ್ದಾರೆ.

ಮೂವರೂ ಹತ್ತತೊಡಗುತ್ತೇವೆ. ನಾನು ಲೆಕ್ಕಕ್ಕಿಲ್ಲ, ಅವರಿಬ್ಬರ ಹಿಂದೆಯೇ ಅಡಗಿ ನಡೆಯುತ್ತೇನೆ. ಪಲ್ಪರ್ ಮನೆಯ ತಿರುವು ಬರುತ್ತದೆ. ಮಂಜು ಇನ್ನೂ ಕರಗಿಲ್ಲ. ಭಾಗಮ್ಮ ಅಭ್ಯಾಸಬಲದಿಂದ ಮುಂದೆ ಹೊರಡುತ್ತಾರೆ. ಸುಕನ್ಯಾ ಅವರ ಭುಜ ಹಿಡಿದು ನಿಲ್ಲಿಸುತ್ತಾರೆ.

‘ನೀ ಇರು ಭಾಗಕ್ಕ. ನಾ ಹೋಗ್ತೀನಿ.’

ಅವರು ಮಂಜಿನಲ್ಲಿ ಮರೆಯಾಗುತ್ತಾರೆ. ಭಾಗಮ್ಮ ನನ್ನ ಮಣಿಕಟ್ಟು ಹಿಡಿದುಕೊಳ್ಳುತ್ತಾರೆ. ಆಚೆ ಕಡ್ಡಿಯೊಂದು ಮುರಿದ ಸದ್ದು. ಮತ್ತೆ ಏನೂ ಇಲ್ಲ. ‘ಹಿಂದೆ ನಿಲ್ಲೋದು ಇಷ್ಟು ಕಷ್ಟ ಅಂತ ಗೊತ್ತಿರ್ಲಿಲ್ಲ ಮಾರಾಯ್ರೆ’ ಎಂದು ಪಿಸುಗುಟ್ಟುತ್ತಾರೆ. ತಡವಾಗುತ್ತದೆ. ಇನ್ನೂ ತಡವಾಗುತ್ತದೆ. ಕರೆಯೋಣವೇ ಎಂದು ನಾನು ಬಾಯಿ ತೆರೆದರೆ ಭಾಗಮ್ಮ ಬೇಡವೆಂದು ತಲೆ ಅಲ್ಲಾಡಿಸುತ್ತಾರೆ.

ಆಮೇಲೆ, ಶೆಡ್ಡಿನ ಆಚೆ ಬದಿಯಿಂದ, ಅಭ್ಯಾಸವಿಲ್ಲದ ಒಡಕು ದನಿಯಲ್ಲಿ, ‘ಕೂ...’

ಭಾಗಮ್ಮ ಕಣ್ಣೊರೆಸಿಕೊಂಡು ಹೆಜ್ಜೆ ಎತ್ತುತ್ತಾರೆ. ‘ಕೇಳಿದ್ರಾ? ನೋಡಿ ಹಾಕಿದ್ ಕೂ ಅದು.’