ಮೀನಿನ ತಲೆ ಒಡೆಯುತ್ತಿದ್ದ ಮೇಸ್ತ್ರಿ

ಆಗ ನನಗೆ ನಲವತ್ತೈದು. ಈ ಮಾತಿಗೆ ಇಪ್ಪತ್ತೈದು ವರ್ಷವಾಯಿತು. ಮೇಸ್ತ್ರಿಯ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಆ ಜಾಗದಲ್ಲಿ ಸುಟ್ಟ ಬದನೆಕಾಯಿ ಸಿಪ್ಪೆಯಂಥ ಚರ್ಮ. ಕತ್ತಿ ಜಾರಿ ಹೋಗಿದ್ದು. ಕೇಳಿದರೆ, "ಸಾರಿಗೆ ಬಿತ್ತು ಕಣೇ, ಯಾರೋ ಉಂಡ್ರು" ಅನ್ನುತ್ತಿದ್ದ.

ಗುಬ್ಬಿ ಸೀಮೆಯ ಕಡಬದ ಕಡೆ ಸರಕಾರದ ಮೀನುಮರಿ ತೊಟ್ಟಿಗಳಿದ್ದವು. ನಾನು ತೊಟ್ಟಿ ಉಜ್ಜುವ ಕೂಲಿ, ಅವನು ನಮ್ಮ ಮೇಲಿನವನು. ಅವನನ್ನು ಒಳ್ಳೆಯವನು ಅಂತ ಯಾರೂ ಹೇಳಿದ್ದಿಲ್ಲ. ಪಾಚಿ ಉಳಿದಿದ್ದರೆ ಬಕೆಟ್ ಎಸೆಯುತ್ತಿದ್ದ. ಒಮ್ಮೆ ನನ್ನ ಮೊಣಕಾಲಿಗೆ ಬಿತ್ತು. ಅದೇ ಬಕೆಟ್ಟನ್ನು ಅವನ ಬೆನ್ನಿಗೆ ಬಿಟ್ಟೆ. ಅಂದಿನಿಂದ ನನಗೂ ಟೀ ತರಿಸುತ್ತಿದ್ದ.

ಮಳೆ ಹಿಡಿದ ಮೇಲೆ ತಾಯಿಮೀನಿಗೆ ಸೂಜಿ ಚುಚ್ಚಿ ಮೊಟ್ಟೆ ಬಿಡಿಸಬೇಕು. ಅದರ ಮದ್ದು ಇರುವುದು ಇನ್ನೊಂದು ಮೀನಿನ ತಲೆಯೊಳಗೆ. ಬುರುಡೆ ಎತ್ತಿ ಮಿದುಳು ಸರಿಸಿದರೆ ಕೆಳಗೆ ರಾಗಿಕಾಳಿಗಿಂತ ಚಿಕ್ಕದೊಂದು ಗಂಟು. ಮೇಸ್ತ್ರಿ ಒಂದೇ ಏಟಿಗೆ ಬುರುಡೆ ಎತ್ತುತ್ತಿದ್ದ. ನೆತ್ತರು ಮುಖಕ್ಕೆ ಹಾರಿದರೂ ಕಣ್ಣು ಮಿಟುಕಿಸುತ್ತಿರಲಿಲ್ಲ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ನೋಡ್ಕೊಳೇ. ಗಂಟು ಸಿಕ್ರೆ ಲಕ್ಷ ಮರಿ. ಒಡೆದೋದ್ರೆ ಬರೀ ಕೊಲೆ" ಅನ್ನುತ್ತಿದ್ದ. ಕತ್ತಿ ಮಾತ್ರ ಕೊಡುತ್ತಿರಲಿಲ್ಲ.

ಭಾನುವಾರ ತುಮಕೂರಿನಿಂದ ಮೋಜಿಗೆ ಗಾಳ ಹಾಕುವವರು ಕಾರಿನಲ್ಲಿ ಕೆರೆಗೆ ಬರುತ್ತಿದ್ದರು. ನಾವು ಬಿಟ್ಟ ಮರಿಗಳೇ ಬೆಳೆದು ಅವರ ಗಾಳ ಕಚ್ಚುತ್ತಿದ್ದವು. ಅವರಲ್ಲೊಬ್ಬ ಕನ್ನಡಕದವನು, "ಈ ಕಾಟ್ಲಾ ಬೋರು ಕಣ್ರೀ. ಟ್ರೌಟ್ ಬಿಡ್ಸಿ, ಎಳೆಯೋಕೆ ಮಜಾ" ಅಂದ.

"ಊಟಿ ತಣ್ಣೀರ್ನ ಮೀನು ಸ್ವಾಮಿ ಅದು. ಇಲ್ಲಿ ಬಿಟ್ರೆ ಒಲೆ ಹಚ್ಚೋದೇ ಬ್ಯಾಡ, ಕೆರೇಲೇ ಬೆಂದೋಯ್ತದೆ," ಅಂದ ಮೇಸ್ತ್ರಿ. ನಾವೆಲ್ಲ ನಕ್ಕೆವು. ಕನ್ನಡಕದವನು ನಗಲಿಲ್ಲ.

ಮುಂದಿನ ಭಾನುವಾರ ಕೆರೆಯಲ್ಲಿ ಮೀನು ಕಚ್ಚಲಿಲ್ಲ. ಸಂಜೆ ಅವನೂ ಅವನ ಗೆಳೆಯನೂ ಕುಡಿದು, ಬೇಲಿ ಹಾರಿ, ನಮ್ಮ ತಾಯಿಮೀನಿನ ಕೊಳಕ್ಕೇ ಗಾಳ ಇಳಿಸಿದರು. ಫೋಟೋಗೆ. ಮಾರನೇ ದಿನ ಸೂಜಿ ಹಾಕಬೇಕಿದ್ದ ಮೀನುಗಳು ಅವು. ಹೊತ್ತು ಮೀರಿದರೆ ಮೊಟ್ಟೆ ಹೊಟ್ಟೆಯಲ್ಲೇ ಹಾಳಾಗುತ್ತದೆ. ಹಾಗಾದರೆ ಆ ವರ್ಷ ಸುತ್ತಲ ಕೆರೆಗಳಿಗೆ ಮರಿಯಿಲ್ಲ. ನಾವು ಓಡಿಹೋಗುವಷ್ಟರಲ್ಲಿ ಎಲ್ಲಕ್ಕಿಂತ ದೊಡ್ಡದು ದಡದ ಮೇಲೆ ಬಡಿದಾಡುತ್ತಿತ್ತು. ಗಾಳ ಕಿವಿರು ಹರಿದು ಹೊರಬಂದಿತ್ತು. ಕನ್ನಡಕದವನು ಅದರ ಹೊಟ್ಟೆಯ ಮೇಲೆ ಬೂಟು ಊರಿ ಕ್ಯಾಮೆರಾಗೆ ಹಲ್ಲು ಕಿರಿಯುತ್ತಿದ್ದ. ಬೂಟಿನಡಿಯಿಂದ ಮೊಟ್ಟೆ ಗಂಜಿಯ ಹಾಗೆ ಹರಿಯುತ್ತಿತ್ತು.

ಮೇಸ್ತ್ರಿ ಮೀನಿನ ಮೇಲೆ ಬಗ್ಗಿದ. ಗಾಳ ಕಿತ್ತ. ಕನ್ನಡಕದವನನ್ನು ಕೆಡವಿ, ಎದೆಯ ಮೇಲೆ ಮಂಡಿಯೂರಿ, ಅದೇ ಗಾಳವನ್ನು ಅವನ ಕೆನ್ನೆಯ ಒಳಗಿಂದ ಹೊರಕ್ಕೆ ಚುಚ್ಚಿ ದಾರ ಜಗ್ಗಿದ.

"ಮಜಾ ಬತ್ತಾ ಐತಾ ಸ್ವಾಮಿ?"

ಅದೇ ಅವನ ಕೊನೆಯ ಮಾತು. ಗೆಳೆಯ ಕಾರಿನ ಜಾಕ್ ರಾಡು ತಂದು ಹಿಂದಿನಿಂದ ತಲೆಗೆ ಹೊಡೆದ. ಮತ್ತೊಮ್ಮೆ ಹೊಡೆದ. ಆ ಸದ್ದು ನನಗೆ ಹೊಸದಲ್ಲ. ಮಳೆಗಾಲ ಪೂರ್ತಿ ಮೇಸ್ತ್ರಿಯ ಪಕ್ಕ ಕೂತು ಕೇಳಿದ ಸದ್ದೇ. ನಾನು ಬಲೆಯ ಗಳ ಎತ್ತಿ ಹೊಡೆದವನ ಮೊಣಕೈ ಮುರಿದೆ. ಪೊಲೀಸರಿಗೂ ಹಾಗೇ ಹೇಳಿದ್ದೇನೆ.

ಮರಿ ಸಾಗಿಸುವ ಜೀಪಿನಲ್ಲಿ ಮೇಸ್ತ್ರಿಯನ್ನು ಮಲಗಿಸಿಕೊಂಡು ತುಮಕೂರಿಗೆ ಹೊರಟೆವು. ತಲೆ ನನ್ನ ತೊಡೆಯ ಮೇಲಿತ್ತು. ಗುಬ್ಬಿ ದಾಟುವ ಮುಂಚೆಯೇ ಹೋದ.

ಮಾರನೇ ಬೆಳಿಗ್ಗೆ ಅವನ ಹೆಣ ಆಸ್ಪತ್ರೆಯಲ್ಲಿತ್ತು, ಮೀನು ಇಲಾಖೆಯ ನಮ್ಮ ಸಾಹೇಬರು ಠಾಣೆಯಲ್ಲಿದ್ದರು. ನಾನು ತೊಟ್ಟಿಗೆ ಹೋದೆ.

"ಇವತ್ತೂ ಬಂದ್ಯೇನಮ್ಮೀ?" ಅಂದ ಕಾವಲುಗಾರ.

"ಬಸುರಿ ಮೀನು ಕಾಯ್ತವೇನ್ಲಾ? ಗೇಟ್ ತಗಿ."

ಗೂಟದಿಂದ ಮೇಸ್ತ್ರಿಯ ಕತ್ತಿ ಇಳಿಸಿದೆ. ಮೊದಲ ಮೀನಿನ ತಲೆಗೆ ಹೊಡೆದೆ. ಏಟು ಜೋರಾಗಿ ಗಂಟು ಒಡೆದುಹೋಯಿತು. ಬರೀ ಕೊಲೆ. ಕತ್ತಿಯನ್ನು ಸೆರಗಿಗೆ ಒರೆಸಿ ಇನ್ನೊಂದನ್ನು ಎಳೆದುಕೊಂಡೆ. ಗಂಟು ಸಿಕ್ಕಿತು.