ಎದೆಮಟ್ಟದ ನೀರು

ಬದುಕೆಲ್ಲ ರಸ್ತೆ ಗ್ಯಾಂಗಿನಲ್ಲಿ ಗುದ್ದಲಿ ಹಿಡಿದವನನ್ನು ಒಬ್ಬ ಎಂಜಿನಿಯರ್ ಕರೆದು ಸಲಹೆ ಕೇಳಿದರೆ ಅವನ ತಲೆ ಭುಜದ ಮೇಲೆ ನಿಲ್ಲುವುದು ಕಷ್ಟ. ನನ್ನದಂತೂ ನಿಲ್ಲಲಿಲ್ಲ.

ಅಪ್ಪ ಧಾರವಾಡದ ಕಡೆಯಿಂದ ದಾಂಡೇಲಿಗೆ ಬಂದು ಕಾಗದದ ಮಿಲ್ಲು ಸೇರಿದವರು. ನನಗೆ ಮಿಲ್ಲು ಒಲಿಯಲಿಲ್ಲ. ಜೋಯಿಡಾದಿಂದ ಅನಮೋಡದ ಕಡೆ ಹೋಗುವ ರಸ್ತೆಯಲ್ಲಿ ಗುಂಡಿ ಮುಚ್ಚುತ್ತ, ಚರಂಡಿ ತೋಡುತ್ತ ನಿವೃತ್ತನಾದೆ. ಆಮೇಲೂ ಆ ರಸ್ತೆ ಬಿಡದೆ, ಹಳ್ಳದ ಈಚೆ ದಂಡೆಯಲ್ಲಿ ಮನೆ ಮಾಡಿಕೊಂಡೆ. ಹಳ್ಳದ ಮೇಲೆ ಕಲ್ಲುಕಂಬ, ಕಬ್ಬಿಣದ ತೊಲೆಗಳ ಹಳೆಯ ಸೇತುವೆ. ಒಂದು ಬಸ್ಸು ಬಂದರೆ ಎದುರಿನ ಸೈಕಲ್ಲೂ ಕಾಯಬೇಕು.

ಗೋವಾ ಕಡೆಯಿಂದ ಗ್ಯಾಸಿನ ಪೈಪ್‌ಲೈನ್ ಬರುತ್ತದೆಂದು ಸುದ್ದಿಯಾದದ್ದು ಹೋದ ವರ್ಷ. ಪೈಪು ಹೂಳುವ ಮೊದಲು ಪೈಪು ಹೊತ್ತ ಟ್ರೇಲರ್‌ಗಳು ಬರಬೇಕು, ಅವು ಬರಬೇಕಾದರೆ ರಸ್ತೆ ಅಗಲವಾಗಬೇಕು, ಸೇತುವೆ ಗಟ್ಟಿಯಾಗಬೇಕು. ನಾವು ಅರ್ಜಿ ಬರೆದು ಬರೆದು ಸುಸ್ತಾಗಿದ್ದ ಸೇತುವೆ ಪೈಪಿನ ಹೆಸರು ಕೇಳಿದ್ದೇ ಮಂಜೂರಾಯಿತು. ಈ ನಾಡಿನಲ್ಲಿ ಮನುಷ್ಯನಿಗಿಂತ ಪೈಪಿಗೇ ಮರ್ಯಾದೆ ಎಂದು ಚಹಾದಂಗಡಿಯಲ್ಲಿ ಹೇಳಿಕೊಂಡು ತಿರುಗಿದವನೂ ನಾನೇ.

ಹಳ್ಳದ ಆಚೆ, ಸಿದ್ದಿ ಕೇರಿಯಲ್ಲಿ, ನನ್ನ ಗೆಳೆಯನ ಮನೆ. ಗ್ಯಾಂಗಿನಲ್ಲಿ ಕೊನೆಯವರೆಗೆ ಜೊತೆಗಿದ್ದವನು, ನನಗಿಂತ ಎರಡು ವರ್ಷ ದೊಡ್ಡವನು. ಕಿಡ್ನಿ ಕೈಕೊಟ್ಟ ಮೇಲೆ ಸೋಮವಾರ, ಗುರುವಾರ ಹಳಿಯಾಳಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಬೆಳಗಿನ ಬಸ್ಸು ಹಳ್ಳ ದಾಟಿ ಅವನ ಊರಿಗೆ ಹೋದರೆ ಅವನ ಜೀವ ಉಳಿದಂತೆ. ಹೊಸದು ಕಟ್ಟಲು ಹಳೆಯ ಸೇತುವೆ ಒಡೆದರೆ ಆ ಬಸ್ಸಿನ ಗತಿ ಏನು ಎಂಬುದೇ ನಮ್ಮ ಚಿಂತೆಯಾಗಿತ್ತು. ಸೇತುವೆಯ ಪಕ್ಕಕ್ಕೆ ಸಿಮೆಂಟು ಕೊಳವೆ ಹಾಕಿ, ಮಣ್ಣು ಸುರಿದು, ತಾತ್ಕಾಲಿಕ ರಸ್ತೆ ಮಾಡುತ್ತೇವೆ, ಮೃಗಶಿರ ಮಳೆ ಮುಗಿಯುವುದರೊಳಗೆ ಹೊಸ ಸೇತುವೆ ಬಿಡುತ್ತೇವೆ ಎಂದು ಸೇತುವೆ ಕೆಲಸದವರು ಹೇಳಿದರು.

ಆ ರಸ್ತೆಯನ್ನು ಎಷ್ಟು ಎತ್ತರ ಮಾಡಬೇಕೆಂದು ತಿಳಿಯಲು ಎಂಜಿನಿಯರ್ ನನ್ನನ್ನು ಕರೆಸಿದ. ಮೃಗಶಿರಕ್ಕೆ ಹಳ್ಳದಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಕೇಳಿದ. ನನಗೆ ಯೋಚಿಸುವ ಅಗತ್ಯವೇ ಇರಲಿಲ್ಲ. ಎದೆಮಟ್ಟ ಅಂದೆ. ತೋರಿಸಿ ಅಂದ. ಒಣಗಿದ ಹಳ್ಳಕ್ಕೆ ಇಳಿದು, ಸೇತುವೆಯ ಕಂಬಕ್ಕೆ ಬೆನ್ನು ಹಚ್ಚಿ ನಿಂತು, ನನ್ನ ಎದೆಯ ಮೇಲೆ ಕೈಯಿಟ್ಟೆ. ಅವನ ಹುಡುಗರು ಅಲ್ಲಿ ಕೆಂಪು ಬಣ್ಣದ ಗೆರೆ ಎಳೆದರು. ಗೆರೆಯ ಪಕ್ಕ ನನ್ನನ್ನು ನಿಲ್ಲಿಸಿ ಫೋಟೊ ತೆಗೆದರು. ಅನುಭವ ಅಂದರೆ ಇದು ಎಂದು ಎಂಜಿನಿಯರ್ ತನ್ನವರಿಗೆ ಹೇಳಿದ. ಮನೆಗೆ ಬಂದು ಹೆಂಡತಿಗೆ ಅದನ್ನೇ ಎರಡು ಸಲ ಹೇಳಿದೆ.

ಮೂರನೆಯ ದಿನ ಗೆಳೆಯನ ಮನೆಗೆ ಹೋಗಿದ್ದೆ. ಗೋಡೆಯ ಎತ್ತರದಲ್ಲಿದ್ದ ನಾಗೊಂದಿಯ ಹಲಗೆಯ ಮೇಲಿನ ಬಿದಿರಿನ ಬುಟ್ಟಿ ಇಳಿಸಲು ಅವನು ನನ್ನ ಮುಂದೆಯೇ ಎದ್ದು ನಿಂತ. ಕಾಯಿಲೆಯಲ್ಲಿ ಮೈ ಇಳಿದಿತ್ತು, ಎತ್ತರ ಇಳಿದಿರಲಿಲ್ಲ. ಅವನ ಎದೆ ನನ್ನ ಗದ್ದದ ಮಟ್ಟಕ್ಕಿತ್ತು.

ಗ್ಯಾಂಗಿನಲ್ಲಿ ಪ್ರತಿ ಮಳೆಗಾಲ ಕಂಬಗಳಿಗೆ ಸಿಕ್ಕಿಕೊಂಡ ಬಿದಿರು, ಕೊಂಬೆ ಬಿಡಿಸಲು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೀರಿಗೆ ಇಳಿಯುತ್ತಿದ್ದವನು ಅವನು. ಎತ್ತರದವನೆಂದು ಯಾವಾಗಲೂ ಅವನನ್ನೇ ಇಳಿಸುತ್ತಿದ್ದೆವು. ನಾವೆಲ್ಲ ಮೇಲೆ ಹಗ್ಗ ಹಿಡಿದು ನಿಂತು, ಅವನ ಮೈಯ ಮೇಲೆಯೇ ನೀರನ್ನು ಅಳೆಯುತ್ತಿದ್ದೆವು. ರೋಹಿಣಿಗೆ ಮೊಣಕಾಲು, ಮೃಗಶಿರಕ್ಕೆ ಎದೆ. ಅದು ಅವನ ಎದೆ ಎಂದು ಬಾಯಿಬಿಟ್ಟು ಹೇಳುವ ಪ್ರಸಂಗವೇ ಬಂದಿರಲಿಲ್ಲ. ಕೆಂಪು ಗೆರೆ ಒಂದು ಗೇಣಿಗಿಂತ ಹೆಚ್ಚು ಕೆಳಗೆ ಬಿದ್ದಿತ್ತು.

ಎಂಜಿನಿಯರ್ ಆಗ ಹಳ್ಳದ ಹತ್ತಿರವೇ ಇದ್ದ. ಮಣ್ಣು ಸುರಿಯಲು ಇನ್ನೂ ಶುರು ಮಾಡಿರಲಿಲ್ಲ. ಹತ್ತು ಹೆಜ್ಜೆ ನಡೆದು, ತಪ್ಪಾಯಿತು ಸಾಹೇಬರೇ ಅಂದಿದ್ದರೆ ಮುಗಿಯುತ್ತಿತ್ತು. ನಾನು ಹೋಗಲಿಲ್ಲ. ಕಲಿತವರು ಗ್ಯಾಂಗಿನ ಕೂಲಿಯ ಮಾತೊಂದನ್ನೇ ನಂಬುತ್ತಾರೆಯೇ, ನಾಲ್ಕು ಕಡೆ ವಿಚಾರಿಸಿರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಅವರು ನನ್ನ ಮಾತೊಂದನ್ನೇ ನಂಬಿದ್ದರು.

ಮೃಗಶಿರದ ನೀರು ಎಂದಿನಂತೆ ಬಂತು, ಒಂದು ಬೆರಳೂ ಹೆಚ್ಚಿಲ್ಲ. ಕೊಳವೆಗಳ ಬಾಯಿಗೆ ಕಸ ಕಟ್ಟಿ ನೀರು ಕೆಂಪು ಗೆರೆ ದಾಟಿ ಆ ತಾತ್ಕಾಲಿಕ ರಸ್ತೆಯ ಮೇಲೆ ಹತ್ತಿತು. ಬುಧವಾರ ಮಧ್ಯಾಹ್ನದ ಹೊತ್ತಿಗೆ ಮಣ್ಣೆಲ್ಲ ಕೊಚ್ಚಿಹೋಗಿತ್ತು. ಪಕ್ಕದಲ್ಲಿ ಸೇತುವೆ ಮೇಲ್ಭಾಗ ಒಡೆಸಿಕೊಂಡು, ಬರೀ ತೊಲೆಗಳಾಗಿ ನಿಂತಿತ್ತು. ಗುರುವಾರ ಬೆಳಿಗ್ಗೆ ಬಸ್ಸು ನನ್ನ ಮನೆಯ ಮುಂದೆ ಬಂದು, ನೀರು ನೋಡಿ ತಿರುಗಿ ಹೋಯಿತು. ಆಚೆ ದಂಡೆಯಲ್ಲಿ ಅವನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೊಡೆ ಹಿಡಿದು, ಆಸ್ಪತ್ರೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ನೀರಿನ ಸದ್ದಿಗೆ ಕೂಗಿದರೂ ಕೇಳುವಂತಿರಲಿಲ್ಲ. ನನ್ನನ್ನು ಕಂಡು ಕೈಯೆತ್ತಿದ. ನಾನೂ ಎತ್ತಿದೆ, ನನ್ನ ಕೈಯ ಮೇಲೇ ನನಗೆ ಹೇಸಿಗೆಯಾಯಿತು.

ಸೋಮವಾರವೂ ತಪ್ಪಿತು. ಮಂಗಳವಾರ ಮಳೆ ಸ್ವಲ್ಪ ಬಿಟ್ಟಾಗ ಸೇತುವೆ ಕೆಲಸದವರು ತೊಲೆಗಳ ಮೇಲೆ ಹಲಗೆ ಹಾಸಿ, ನಾಲ್ಕು ಜನ ಕುರ್ಚಿ ಸಮೇತ ಅವನನ್ನು ದಾಟಿಸಿದರು. ಈಚೆ ತುದಿಯಲ್ಲಿ ಇಳಿಸಿಕೊಂಡವನು ನಾನು. ಕಾಲು ಬಾತು ಚಪ್ಪಲಿ ಹಿಡಿಯುತ್ತಿರಲಿಲ್ಲ, ಮಾತಾಡಲು ಉಸಿರು ಸಾಲುತ್ತಿರಲಿಲ್ಲ. ದಾರಿಯುದ್ದಕ್ಕೂ ಜೀಪಿನಲ್ಲಿ ಅವನ ತಲೆ ನನ್ನ ಭುಜದ ಮೇಲಿತ್ತು.

ಹಳಿಯಾಳದಲ್ಲಿ ಮಷಿನ್ನು ಶುರುವಾಗಿ, ಒಂದು ತಾಸಿನ ಮೇಲೆ ಅವನ ಉಸಿರು ಹದಕ್ಕೆ ಬಂತು. ಪಕ್ಕದ ಸ್ಟೂಲಿನ ಮೇಲೆ ಕುಳಿತು ಎಲ್ಲವನ್ನೂ ಹೇಳಿಬಿಟ್ಟೆ. ಗೆರೆ, ಫೋಟೊ, ಬಿದಿರಿನ ಬುಟ್ಟಿ, ಹೋಗಿ ಹೇಳದೆ ಉಳಿದದ್ದು. ಬಯ್ಯಲಿ ಎಂದು ಕಾದೆ. ಅವನು ಕಣ್ಣು ಮುಚ್ಚಿಕೊಂಡು ಎಲ್ಲ ಕೇಳಿದ.

"ನೀರಾಗ ಇಳ್ಯಾಕ ಪ್ರತಿ ವರ್ಸಾ ನಾನು ಬೇಕಾಗಿದ್ದೆ, ತಮ್ಮಾ," ಅಂದ. "ಸಾಹೇಬ ಅಳತಿ ಕೇಳಿದಾಗ ನನ್ನ ಯಾಕ ಕರೀಲಿಲ್ಲ? ಆಚಿ ದಂಡ್ಯಾಗ ಇದ್ನಲ್ಲ."

ಗೆರೆಯ ತಪ್ಪನ್ನು ಒಪ್ಪಿಕೊಳ್ಳಲು ಹೋದ ನನಗೆ ಆ ಇನ್ನೊಂದು ತಪ್ಪು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ನರ್ಸಮ್ಮ ಬಂದು ಹೊತ್ತಾಯಿತು ಹೊರಗೆ ಕೂರ್ರಿ ಅಂದಾಗ, ಬದುಕಿದೆ ಅಂದುಕೊಂಡು ಎದ್ದೆ.

ಈಗ ಹೊಸ ಸೇತುವೆಯ ಮೇಲೆ ಪೈಪಿನ ಟ್ರೇಲರ್‌ಗಳು ಸಾಲಾಗಿ ಹೋಗುತ್ತವೆ. ಸೋಮವಾರ, ಗುರುವಾರ ನಾನು ಆಚೆ ನಡೆದುಹೋಗಿ ಅವನ ಜೊತೆ ಬಸ್ಸು ಹತ್ತುತ್ತೇನೆ. ಅವನಿಗೆ ಕಿಟಕಿಯ ಸೀಟು. ಹವಾಮಾನ, ಮೊಮ್ಮಕ್ಕಳು, ಎಲ್ಲ ಮಾತಾಡುತ್ತೇವೆ. ಸೇತುವೆ ಬಂದಾಗ ಮಾತ್ರ ಅವನು ಕಿಟಕಿಗೆ ತಿರುಗಿ ಕೆಳಗಿನ ನೀರು ನೋಡುತ್ತಾನೆ. ಸಾಹೇಬ ಕೇಳಿದ್ದು ನನ್ನೊಬ್ಬನನ್ನೇ ಆಗಿರಲಿ ಅನ್ನಿಸಿತ್ತು, ಅದಕ್ಕೇ ನಿನ್ನನ್ನು ಕರೆಯಲಿಲ್ಲ ಎಂದು ಹೇಳಬೇಕು ಎಂದುಕೊಳ್ಳುತ್ತೇನೆ. ಹಳೆಯ ಸೇತುವೆಯಾಗಿದ್ದರೆ ಎದುರಿನ ಗಾಡಿಗೆ ಕಾಯುತ್ತ ಬಸ್ಸು ಸ್ವಲ್ಪ ನಿಲ್ಲುತ್ತಿತ್ತು. ಇದು ಅಗಲವಾಗಿದೆ, ಬಸ್ಸು ಬೇಗ ದಾಟಿಬಿಡುತ್ತದೆ.