ಪ್ರಳಯಕ್ಕೆ ಮುಂಚೆ ಒಂದು ಸೆಟ್ ಹಲ್ಲು

ನಮ್ಮ ದೊಡ್ಡಪ್ಪ ರೈಲ್ವೆಯಲ್ಲಿ ವೇಳಾಪಟ್ಟಿ ಬರೆಯುತ್ತಿದ್ದವರು. ನಿವೃತ್ತರಾದ ಮೇಲೆ ರೈಲು ಬಿಟ್ಟು ಪ್ರಳಯಕ್ಕೆ ವೇಳಾಪಟ್ಟಿ ಹಾಕತೊಡಗಿದರು. ಮೊದಲ ಸಲ ಆಕಾಶದಿಂದ ಬಂಡೆ ಬೀಳಬೇಕಿತ್ತು, ಬೀಳಲಿಲ್ಲ. ಎರಡನೇ ಸಲ ಸಮುದ್ರ ಉಕ್ಕಬೇಕಿತ್ತು, ಅದಕ್ಕೂ ಪುರುಸೊತ್ತಾಗಲಿಲ್ಲ. ದೊಡ್ಡಪ್ಪನಿಗೆ ಇದರಿಂದ ಒಂದಿಷ್ಟೂ ಮುಜುಗರವಾಗಲಿಲ್ಲ. ತಡವಾಗಿದೆಯಷ್ಟೇ, ರದ್ದಾಗಿಲ್ಲ ಎಂದರು. ಮೂವತ್ತೈದು ವರ್ಷದ ಸರ್ವಿಸು ಸುಮ್ಮನೆ ಹೋಗುತ್ತದೆಯೇ?

ಅವರ ಹೆಂಡತಿ, ಅಂದರೆ ನಮ್ಮ ದೊಡ್ಡಮ್ಮ, ಹಲ್ಲಿನ ಸೆಟ್ ಮಾಡುವವರು. ಡಾಕ್ಟರುಗಳು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ಮನೆಯ ಹಿಂದಿನ ಕೋಣೆಯಲ್ಲಿ, ಕಿಟಕಿ ಪಕ್ಕದ ಮೇಜಿನ ಮೇಲೆ, ದೊಡ್ಡಮ್ಮ ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸುತ್ತಾರೆ. ಉಜ್ಜಿ ಹೊಳಪು ಕೊಡುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷದಿಂದ ಊರಿನವರ ನಗು ತಿಕ್ಕುತ್ತಿದ್ದೇನೆ. ದೊಡ್ಡಮ್ಮ ಎಲ್ಲಾ ಹಲ್ಲನ್ನೂ ನೆಟ್ಟಗೆ ಸಾಲು ನಿಲ್ಲಿಸುವವರಲ್ಲ. ಯಾವುದಾದರೂ ಒಂದನ್ನು ಕೂದಲೆಳೆಯಷ್ಟು ಓರೆ ಮಾಡುತ್ತಾರೆ.

"ದೇವರೇ ನೆಟ್ಟಗೆ ಕೂರಿಸಿಲ್ಲ, ನಾನ್ಯಾಕೆ ಕೂರಿಸ್ಲಿ?" ಎನ್ನುತ್ತಾರೆ.

ಇಂಥವರ ಗಂಡನ ಬಾಯಲ್ಲಿ ಒಂದೇ ಒಂದು ಹಲ್ಲಿಲ್ಲ. ಕೊನೆಯದು ಉದುರಿ ವರ್ಷವಾಗಿತ್ತು. "ಡಿಸೆಂಬರಿಗೆ ಎಲ್ಲಾ ಮುಗಿಯುತ್ತೆ. ಹಲ್ಲು ಕಟ್ಟಿಸ್ಕೊಂಡು ಯಾರಿಗೆ ತೋರಿಸ್ಲಿ?" ಎಂಬುದು ಅವರ ವಾದ. ಹಾಗಾಗಿ ಜಗತ್ತು ಮುಗಿಯುವ ತನಕ ಊಟಕ್ಕೆ ಬೇಯಿಸಿ ಹಿಸುಕಿದ್ದು. ಅವರೊಬ್ಬರಿಗಲ್ಲ, ದೊಡ್ಡಮ್ಮನಿಗೂ. ಎದುರಿಗೆ ಯಾರಾದರೂ ಕಟುಮ್ ಎಂದು ಕಡಿದರೆ ದೊಡ್ಡಪ್ಪನ ಮುಖ ಬಾಡುತ್ತಿತ್ತು. ಅದನ್ನು ನೋಡಲಾರದೆ, ಗಟ್ಟಿ ಹಲ್ಲಿನ ಹೆಂಗಸು ವರ್ಷದಿಂದ ಹಿಸುಕಿದ್ದನ್ನೇ ನುಂಗುತ್ತಿದ್ದರು. ಹಲ್ಲು ಹೋದರೂ ದೊಡ್ಡಪ್ಪನ ಮಾತೇನೂ ಕಡಿಮೆಯಾಗಿರಲಿಲ್ಲ. ಪಾರ್ಕಿನ ಬೆಂಚಿನಲ್ಲಿ ಅವರು ಸರ್ವನಾಶದ ವಿಷಯ ಎತ್ತಿದರೆ ಎದುರಿಗಿದ್ದವರು ಎಂಜಲು ಸಿಡಿದ ಕನ್ನಡಕ ಒರೆಸಿಕೊಳ್ಳಬೇಕಾಗುತ್ತಿತ್ತು.

ಈ ನಡುವೆ ದೊಡ್ಡಮ್ಮನ ಬಲಗೈ ನಡುಗಲು ಶುರುವಾಯಿತು. ನನಗೆ ಗೊತ್ತಾಗಿದ್ದು, ಸೆಟ್ಟಿನಲ್ಲಿ ಓರೆ ಹಲ್ಲು ಒಂದರ ಬದಲು ಮೂರಾದಾಗ. ನರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮಾತ್ರೆ ನುಂಗಿದರೆ ಬೆಳಿಗ್ಗೆ ಒಂದೆರಡು ಗಂಟೆ ಕೈ ನಿಲ್ಲುತ್ತದೆ, ಅದೂ ಎಷ್ಟು ತಿಂಗಳೋ ಹೇಳಲಾಗದು ಎಂದರು. ದೊಡ್ಡಮ್ಮ ಅಳಲಿಲ್ಲ. ಮನೆಗೆ ಬಂದು, ಒಪ್ಪಿಕೊಂಡಿದ್ದ ಕೆಲಸವನ್ನೆಲ್ಲ ಬೇರೆಯವರಿಗೆ ಕಳಿಸಿ ಮೇಜು ಖಾಲಿ ಮಾಡಿದರು.

"ಇನ್ನೊಂದೇ ಸೆಟ್ ಮಾಡೋದು. ಅವರದ್ದು. ಬೇರೆ ಯಾರೋ ಮಾಡಿದ ಹಲ್ಲಿಟ್ಕೊಂಡು ಅವರು ನನ್ನ ಮುಂದೆ ನಗೋದು ಬೇಡ" ಎಂದರು.

ದೊಡ್ಡಪ್ಪನಿಗೆ ಇದ್ಯಾವುದೂ ಗೊತ್ತಿಲ್ಲ. ಉತ್ತರ ಧ್ರುವದಲ್ಲಿ ಎಷ್ಟು ಹಿಮ ಕರಗಿತು ಎಂದು ಮೊಬೈಲಿನಲ್ಲಿ ನೋಡಿದ ಲೆಕ್ಕ ನಾಲಿಗೆ ತುದಿಯಲ್ಲಿತ್ತು; ಎದುರಿಗೆ ಕೂತ ಹೆಂಡತಿಯ ಕಪ್ಪಿನಿಂದ ಟೀ ತುಳುಕುವುದು ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ. ನನಗೆ ಅವರ ಮೇಲೆ ಬರುತ್ತಿದ್ದ ಸಿಟ್ಟು ಅಷ್ಟಿಷ್ಟಲ್ಲ.

ಮರುದಿನ ಬೆಳಿಗ್ಗೆ ದೊಡ್ಡಮ್ಮ ಅಳತೆಯ ಅಚ್ಚಿಗೆ ಪೇಸ್ಟ್ ತುಂಬಿಕೊಂಡು ಅವರ ಮುಂದೆ ನಿಂತರು.

"ರೀ, ಬಾಯಿ ತೆಗೀರಿ."

"ನಿಂಗೆ ಎಷ್ಟು ಸಲ ಹೇಳ್ಬೇಕು? ಡಿಸೆಂಬರಿಗೆ..."

"ನಿಮ್ಮ ಡಿಸೆಂಬರ್ ಮುಂದಕ್ಕೆ ಹೋಗುತ್ತೆ, ಅದಕ್ಕೆ ಅಭ್ಯಾಸ ಆಗಿದೆ. ನನ್ನ ಕೈ ಕಾಯಲ್ಲ." ಬಲಗೈಯನ್ನು ಅವರ ಮೂಗಿನ ಮುಂದೆ ಹಿಡಿದರು. "ಮಾತ್ರೆ ನುಂಗಿದೀನಿ, ಅದಕ್ಕೆ ಇಷ್ಟೇ ನಡುಕ. ಹನ್ನೊಂದರ ಮೇಲೆ ಚಮಚ ಹಿಡಿಯೋಕೂ ಆಗಲ್ಲ."

"ಯಾವಾಗಿಂದ?"

"ನೀವು ಸಮುದ್ರ ಉಕ್ಕಿಸ್ತಾ ಇದ್ರಲ್ಲ, ಆವಾಗಿಂದ."

ದೊಡ್ಡಪ್ಪ ಬಾಯಿ ತೆರೆದರು. ನನಗೆ ನೆನಪಿರುವ ಮಟ್ಟಿಗೆ, ಮಾತಾಡುವುದಕ್ಕಲ್ಲದೆ ಅವರು ಬಾಯಿ ತೆರೆದದ್ದು ಅದೇ ಮೊದಲು. ಪೇಸ್ಟ್ ಗಟ್ಟಿಯಾಗಲು ಮೂರು ನಿಮಿಷ ಬೇಕು. ಆ ಮೂರು ನಿಮಿಷವೂ ಅವರ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು.

"ಬಿಕ್ಕಬೇಡಿ, ಅಳತೆ ಕೆಡುತ್ತೆ" ಎಂದು ಗದರಿದರು ದೊಡ್ಡಮ್ಮ.

ನಾಲ್ಕು ದಿನದ ಕೆಲಸಕ್ಕೆ ಹದಿನೇಳು ಬೆಳಗು ಹಿಡಿಯಿತು. ದೊಡ್ಡಪ್ಪ ದಿನವೂ ಮೊಬೈಲು ಬಿಟ್ಟು ಬಂದು ಮೇಜಿನ ಪಕ್ಕ ಕೂರುತ್ತಿದ್ದರು. ಮಾತ್ರೆ, ನೀರು, ಹೊತ್ತು ನೋಡುವುದು ಎಲ್ಲವೂ ಅವರದೇ. ವೇಳಾಪಟ್ಟಿಗೆ ಕೊನೆಗೂ ಒಂದು ಒಳ್ಳೆಯ ಉಪಯೋಗ ಸಿಕ್ಕಿತ್ತು.

ಸೆಟ್ ಹಾಕಿಕೊಂಡ ದಿನ ದೊಡ್ಡಪ್ಪ ಕನ್ನಡಿ ಮುಂದೆ ನಿಂತು ತುಟಿ ಎತ್ತಿ ನೋಡಿಕೊಂಡರು. ಮೇಲಿನ ಬಲಗಡೆಯ ಕೋರೆಹಲ್ಲು ಕೊಂಚ ಹೊರಗೆ ಬಂದಿತ್ತು.

"ಇದು ನಂದೇ ಹಲ್ಲು ಕಣೇ."

"ಮತ್ತೆ? ನೀವು ಮೊದಲ ಸಲ ನಕ್ಕಾಗ ನಾನು ನೋಡಿದ್ದು ಅದನ್ನೇ."

ಅಷ್ಟರಲ್ಲಿ ಹನ್ನೊಂದು ದಾಟಿತ್ತು. ದೊಡ್ಡಮ್ಮನ ಕೈಯಿಂದ ಚಾಕು ತೆಗೆದುಕೊಂಡು ದೊಡ್ಡಪ್ಪನೇ ಸೌತೆಕಾಯಿ ಹೆಚ್ಚಿದರು, ತೀರಾ ಒಡ್ಡೊಡ್ಡಾಗಿ. ಇಬ್ಬರೂ ಕಟುಮ್ ಕಟುಮ್ ಎನ್ನಿಸುತ್ತಾ ತಿಂದರು. ದೊಡ್ಡಮ್ಮನ ಬಾಯಿಗೆ ಒಂದು ಹೋಳು ಇಟ್ಟು, ನಡುಗುತ್ತಿದ್ದ ಕೈಯನ್ನು ತಮ್ಮ ಅಂಗೈಯಲ್ಲಿ ಹಿಡಿದುಕೊಂಡು ದೊಡ್ಡಪ್ಪ ಕೇಳಿದರು.

"ಈ ಹಲ್ಲು ಎಷ್ಟು ವರ್ಷ ಬಾಳಿಕೆ ಬರುತ್ತೆ?"

"ಎಂಟು ವರ್ಷಕ್ಕೆ ಮೋಸ ಇಲ್ಲ."

"ಬರೀ ಎಂಟೇನಾ?" ಎಂದರು ದೊಡ್ಡಪ್ಪ.